ನಕ್ಷೆ ಬಟ್ಟೆಯ ಇನ್ನರ್ಧ

ನಮ್ಮ ಮನೆಯಲ್ಲಿ ಹುಟ್ಟಿದ ಮಗುವಿಗೆ ಮೊದಲ ಸ್ನಾನ ಮಾಡಿಸಿದ ಮೇಲೆ ಸುತ್ತುವ ಬಟ್ಟೆ ಒಂದಿದೆ. ನನ್ನನ್ನು ಅದರಲ್ಲೇ ಸುತ್ತಿದ್ದರು, ನನ್ನ ಇಬ್ಬರು ಮಕ್ಕಳನ್ನೂ ಅದರಲ್ಲೇ ಸುತ್ತಿದೆವು. ರೇಷ್ಮೆಯಂಥ ತೆಳು ಬಟ್ಟೆ. ಅದರ ಬೆನ್ನಿಗೆ ನನ್ನ ಅಜ್ಜಿ ತನ್ನದೊಂದು ಹಳೇ ಹತ್ತಿ ಸೀರೆಯ ತುಂಡನ್ನು ಇಟ್ಟು ಹೊಲಿದಿದ್ದಳು. ಮೇಲ್ಭಾಗದ ತುಂಬ ತಿಳಿನೀಲಿ, ಆ ನೀಲಿಯ ನಡುವೆ ಅಲ್ಲಲ್ಲಿ ಹಸಿರು, ಹಳದಿ ತೇಪೆಗಳು, ಕೂದಲೆಳೆಯಂಥ ಗೆರೆಗಳು, ಸಣ್ಣ ಸಣ್ಣ ಅಂಕಿಗಳು. ಎಣ್ಣೆ, ಅರಿಶಿನ, ಮಕ್ಕಳು ಮಾಡುವ ಉಳಿದೆಲ್ಲದರ ಕಲೆಗಳೂ ಅದರ ಮೇಲೆ ಧಾರಾಳವಾಗಿವೆ. ಮನೆಯಲ್ಲಿ ಅದರ ಹೆಸರು ನಕ್ಷೆ ಬಟ್ಟೆ.

ಅದು ನಮ್ಮಲ್ಲಿಗೆ ಬಂದದ್ದು ಜೀಪಿನ ಜೊತೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೆಂಗಳೂರಿನಲ್ಲಿ ಮಿಲಿಟರಿಯವರ ಸಾಮಾನು ಹರಾಜಾಗುತ್ತಿತ್ತಂತೆ. ತೋಟದವರೆಲ್ಲ ಜೀಪಿನ ಆಸೆಗೆ ಬಿದ್ದು ಅಲ್ಲಿಗೆ ಓಡಿದರು. ನನ್ನ ಅಜ್ಜನೂ ಓಡಿದ. ಓಡಿಸಲು ಬಾರದಿದ್ದರೂ ಒಂದನ್ನು ಕೊಂಡು, ಡ್ರೈವರನ್ನು ಹುಡುಕಿ, ಕಳಸದ ತನಕ ತರಿಸಿದ. ಮನೆಗೆ ಬಂದ ಮೇಲೆ ಸೀಟೆತ್ತಿ ನೋಡಿದರೆ ಒಂದು ಜ್ಯಾಕು, ತುಕ್ಕು ಹಿಡಿದ ಸ್ಪ್ಯಾನರು, ಮಡಿಸಿಟ್ಟ ಈ ಬಟ್ಟೆ. ಜೀಪು ಕೆಲವೇ ವರ್ಷಗಳಲ್ಲಿ ಗುಜರಿಗೆ ಹೋಯಿತು. ಬಟ್ಟೆ ಉಳಿಯಿತು.

ಅಜ್ಜಿಗೆ ಅದು ಏನೆಂದು ಗೊತ್ತಾಗಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಆ ಕಾಲದಲ್ಲಿ ತೋಟದ ಸರ್ವೆ ನಕ್ಷೆಗಳನ್ನು ಬಟ್ಟೆಯ ಮೇಲೆಯೇ ಬರೆಯುತ್ತಿದ್ದರು. ನಮ್ಮ ತೋಟದ್ದೂ ಹಾಗೇ ಇತ್ತು, ಒಂದೊಂದು ಬ್ಲಾಕಿಗೆ ಒಂದೊಂದು ಬಣ್ಣ ಬಳಿದದ್ದು. ಹಾಗಾಗಿ ಇದು ಯಾವನೋ ಇಂಗ್ಲಿಷ್ ದೊರೆಯ ತೋಟದ ನಕ್ಷೆ. ಹಾಗಾದರೆ ನಡುವಿನ ನೀಲಿ ಏನು? ಮಂಜು. ಚಳಿಗಾಲದ ಬೆಳಿಗ್ಗೆ ದೇವರಮನೆಯ ಗುಡ್ಡದ ಮೇಲೆ ನಿಂತು ಕೆಳಗೆ ನೋಡಿದವರಿಗೆ ಅಜ್ಜಿಯ ತರ್ಕ ಅರ್ಥವಾಗುತ್ತದೆ. ಕಣಿವೆಯೆಲ್ಲ ಮಂಜಿನಲ್ಲಿ ಮುಳುಗಿ ಗುಡ್ಡಗಳ ನೆತ್ತಿಯಷ್ಟೇ ಮೇಲೆ ಕಾಣುತ್ತದೆ. ದೊರೆ ಅಂಥ ಹೊತ್ತಿನಲ್ಲಿ ಎದ್ದು ನಕ್ಷೆ ಬರೆಸಿದ್ದಾನೆ ಎಂದು ಅವಳ ತೀರ್ಮಾನ. ಸಮುದ್ರವನ್ನು ಅವಳು ಸಾಯುವ ತನಕ ನೋಡಲಿಲ್ಲ.

ದೊರೆಯ ಬ್ಲಾಕುಗಳ ಹೆಸರು ಗೊತ್ತಿಲ್ಲದ್ದರಿಂದ ನಮ್ಮ ತೋಟದವನ್ನೇ ಇಟ್ಟಳು. ಉದ್ದನೆಯ ಹಸಿರು ತೇಪೆ ಹೊಳೆಬದಿ. ಬೆನ್ನು ಬಾಗಿದ್ದು ನೇರಳೆ ಹಕ್ಲು. ಮೂರು ಒಟ್ಟೊಟ್ಟಿಗೆ ಇದ್ದವು ಬನದ ಬ್ಲಾಕುಗಳು. ಮಕ್ಕಳನ್ನು ಮಲಗಿಸುವಾಗ ಒಂದೊಂದರ ಮೇಲೂ ಬೆರಳಿಟ್ಟು, "ಹೊಳೆಬದಿಲಿ ಕಾಫಿ ಕುಯ್ದಾಯ್ತು, ನೇರಳೆ ಹಕ್ಲಲ್ಲಿ ಮೆಣಸು ಬಿಡ್ಸಾಯ್ತು, ಇನ್ನು ಕಣ್ಮುಚ್ಚು" ಎನ್ನುತ್ತಿದ್ದಳು. ನೀಲಿಯ ಮೇಲೆ ದೂರ ದೂರಕ್ಕೆ ಚೆಲ್ಲಿದ ಹಾಗೆ ದೊಡ್ಡ ಇಂಗ್ಲಿಷ್ ಅಕ್ಷರಗಳಿದ್ದವು. ನಾನು ಶಾಲೆಗೆ ಹೋಗುವ ಮೊದಲೇ ಎಸ್ ಮತ್ತು ಓ ಕಲಿತದ್ದು ಅದರಿಂದಲೇ. ಮಂಜಿನ ಹೊಟ್ಟೆಯಲ್ಲಿ ಅಕ್ಷರಗಳು ಯಾಕಿವೆ ಎಂದು ಕೇಳಿದ್ದಕ್ಕೆ ಅಜ್ಜಿ, ದೊರೆಗಳು ಎಲ್ಲಿ ಬೇಕಾದರೂ ಬರೆಯುತ್ತಾರೆ ಎಂದಿದ್ದಳು.

ತೊಂಬತ್ತರ ದಶಕದಲ್ಲಿ ನನ್ನ ಮಗಳು ಹೈಸ್ಕೂಲಿನ ಅಟ್ಲಾಸನ್ನು ಬಟ್ಟೆಯ ಪಕ್ಕ ಹರಡಿಕೊಂಡು ಒಂದು ಮಧ್ಯಾಹ್ನ ಪೂರ್ತಿ ಕೂತಳು. ಆಮೇಲೆ ಎದ್ದು ಬಂದು, ಇದು ಮಂಜಲ್ಲ, ಪೆಸಿಫಿಕ್ ಸಾಗರ, ನೇರಳೆ ಹಕ್ಲು ಅಂತ ನೀವು ಹೇಳುತ್ತಿರುವುದು ಒಂದು ದ್ವೀಪ ಎಂದು ಘೋಷಿಸಿದಳು. ಅಷ್ಟು ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದಳು. ಉತ್ತರ ಕೊಡುವ ಭಾರ ನನ್ನ ಅವ್ವನ ಮೇಲೆ ಬಿತ್ತು.

"ಇರ್ಲಿ ಬಿಡೇ," ಎಂದಳು ಅವ್ವ. "ಮಂಜು ಕರಗಿದ್ರೂ ನೀರೇ ಅಲ್ವಾ."

ಅವ್ವನಿಗೆ ಅಲ್ಲಿಗೆ ಮುಗಿಯಿತು. ನನಗೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ನನಗೆ ಊರ ಉಸಾಬರಿ ಜಾಸ್ತಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಹೇಳಲಿ. ಎಲ್ಲಿಯ ಪೆಸಿಫಿಕ್, ಎಲ್ಲಿಯ ಕಳಸ? ಮಗು ಸುತ್ತುವ ಬಟ್ಟೆಯ ಮೇಲೆ ಸಮುದ್ರವನ್ನು ಅಚ್ಚು ಹಾಕಿದವರು ಯಾರು? ಮೂಡಿಗೆರೆಯ ಕ್ಲಬ್ಬಿಗೆ ಬರುತ್ತಿದ್ದ ನಿವೃತ್ತ ಮಿಲಿಟರಿ ಅಧಿಕಾರಿಯೊಬ್ಬರ ಎದುರು ಅದನ್ನು ಹಿಡಿದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ನೋಡಿ, ಇದು ಯುದ್ಧವಿಮಾನದ ಪೈಲಟ್‌ಗಳಿಗೆ ಕೊಡುತ್ತಿದ್ದ ನಕ್ಷೆ ಎಂದರು. ಕಾಗದವಾದರೆ ಒದ್ದೆಯಾಗಿ ಮುದ್ದೆಯಾಗುತ್ತದೆ. ಬಟ್ಟೆಯಾದರೆ ಸಮುದ್ರಕ್ಕೆ ಬಿದ್ದರೂ ಹಿಂಡಿಕೊಂಡು ನೋಡಬಹುದು. ಯುದ್ಧ ಮುಗಿದ ಮೇಲೆ ಇಂಥವನ್ನು ಬರೀ ಬಟ್ಟೆಯ ಲೆಕ್ಕದಲ್ಲಿ ಮಾರಿಬಿಟ್ಟರಂತೆ. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಯಾವ ಪೈಲಟ್, ಬಿದ್ದನೋ ಉಳಿದನೋ ಎಂದು ನಾನು ಕೇಳಿದ್ದಕ್ಕೆ ನಕ್ಕುಬಿಟ್ಟರು. ನನಗೆ ಸಿಟ್ಟು ಬಂತು.

ಎರಡು ಸಾವಿರದ ಆಚೀಚೆ ಕಾಫಿ ಬೆಲೆ ನೆಲ ಕಚ್ಚಿದಾಗ ಊರಿನ ಹಲವರ ಹಾಗೆ ನಾವೂ ಹೋಮ್‌ಸ್ಟೇ ಶುರು ಮಾಡಿದೆವು. ನನ್ನ ಗಂಡ ಮನೆವಾಳ್ತನಕ್ಕೆ ಬಂದವರು, ಅಂದರೆ ಈ ಮನೆಗೇ ಅಳಿಯನಾಗಿ ಬಂದು ನಿಂತವರು. "ಈ ಮನೆಗೆ ಮೊದಲ್ನೇ ಹೋಮ್‌ಸ್ಟೇ ಗಿರಾಕಿ ನಾನೇ ಮಾರಾಯ್ರೆ" ಎಂದು ಬಂದ ಅತಿಥಿಗಳಿಗೆಲ್ಲ ಹೇಳಿ ನಗಿಸುತ್ತಿದ್ದರು. ಬಂದವರಲ್ಲಿ ಹೆಚ್ಚಿನವರು ಬೆಂಗಳೂರಿನವರು. ಒಂದು ಬೇಸಿಗೆಯ ಕೊನೆಗೆ, ಮಳೆ ಹಿಡಿಯುವ ಮೊದಲು, ಆಸ್ಟ್ರೇಲಿಯಾದಿಂದ ಇಬ್ಬರು ಬಂದರು. ಒಬ್ಬಳು ಐವತ್ತು ದಾಟಿದ ಹೆಂಗಸು, ಹಕ್ಕಿ ನೋಡುವ ಹುಚ್ಚಿನವಳು. ಇನ್ನೊಬ್ಬರು ಅವಳ ತಂದೆ. ಎಂಬತ್ತು ದಾಟಿದ್ದರು, ಸೋಗೆಯ ಹಾಗೆ ಒಣಗಿದ್ದರು, ಆದರೆ ಬೆನ್ನು ನೆಟ್ಟಗಿತ್ತು. ಮಗಳು ದುರ್ಬೀನು ಹಿಡಿದು ತೋಟ ಸುತ್ತುವಾಗ ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದರು.

ಎರಡನೇ ದಿನ ಅವರು ಕುರ್ಚಿಯಿಂದ ಎದ್ದು ಬಚ್ಚಲುಮನೆಯ ಹಿಂದಿನ ಮರದ ಕೆಳಗೆ ಹೋಗಿ ನಿಂತರು. ಅದು ಜೀಗುಜ್ಜೆ ಮರ. ಘಟ್ಟದ ಕೆಳಗಿನಿಂದ ಅಜ್ಜ ತಂದು ನೆಟ್ಟದ್ದು. ಕಾಯಿ ಹಲಸಿನ ಮರಿಯ ಹಾಗೆ ಕಾಣುತ್ತದೆ, ಒಳಗೆ ಬೀಜವಿಲ್ಲ. ಪಲ್ಯ ಮಾಡುತ್ತೇವೆ, ಹೆಚ್ಚಿ, ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿಯುತ್ತೇವೆ. ಅವರು ಮರದ ಕಾಂಡದ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ಮೇಲೆ ನೋಡಿದರು. ಆಮೇಲೆ ನನ್ನನ್ನು ಕರೆದು, ಒಂದು ಕಾಯಿ ಸಿಕ್ಕೀತೇ, ಅದನ್ನು ಬೆಂಕಿಯಲ್ಲಿ ಸುಡಲು ಬಿಡುತ್ತೀರಾ ಎಂದು ಕೇಳಿದರು.

"ಜೀಗುಜ್ಜೆ ಸುಡೋದಾ?" ಎಂದಳು ಅವ್ವ. "ಎಲ್ಲಾದ್ರೂ ಉಂಟಾ?"

ಅವರು ಬಚ್ಚಲ ಒಲೆಯ ಎದುರು ಕುಕ್ಕುರುಗಾಲಲ್ಲಿ ಕೂತು ಇಡೀ ಕಾಯಿಯನ್ನು ಕೆಂಡದೊಳಗೆ ದೂಡಿದರು. ಕೋಲಿನಲ್ಲಿ ಹೊರಳಿಸುತ್ತ, ಸಿಪ್ಪೆ ಇದ್ದಿಲಾಗುವ ತನಕ ಕಾದರು. ಒಡೆದಾಗ ಒಳಗೆ ಹಳದಿ ಬಿಳಿಯ ಬಿಸಿ ತಿರುಳು. ಅವ್ವ ಉಪ್ಪು ತಂದುಕೊಟ್ಟಳು. ಒಂದು ತುಂಡು ಬಾಯಿಗಿಟ್ಟವರು ಅಳತೊಡಗಿದರು. ಹೊಗೆಗೆ ಬಂದ ಕಣ್ಣೀರು ಎಂದು ನಟಿಸುವ ಗೋಜಿಗೂ ಅವರು ಹೋಗಲಿಲ್ಲ. ನನಗೆ ಪಾಪ ಅನಿಸಿತು, ಅದರ ಹತ್ತು ಪಟ್ಟು ಕುತೂಹಲವೂ ಆಯಿತು. ಕಾಫಿ ಮಾಡಿ ತಂದು ಎದುರು ಕೂತೆ.

ಅವರು ಯುದ್ಧದಲ್ಲಿ ಫೈಟರ್ ಪೈಲಟ್ ಆಗಿದ್ದವರು. ಅವರ ಸ್ಕ್ವಾಡ್ರನ್ ಪೆಸಿಫಿಕ್ಕಿನ ದ್ವೀಪವೊಂದರಲ್ಲಿತ್ತು. ಕೆಸರಿನ ಮೇಲೆ ತೂತುತೂತಿನ ಕಬ್ಬಿಣದ ತಗಡು ಹಾಸಿ ಅದನ್ನೇ ರನ್‌ವೇ ಮಾಡಿಕೊಂಡಿದ್ದರಂತೆ. ವಾಸ ಟೆಂಟಿನಲ್ಲಿ. ಮಲೇರಿಯಾಕ್ಕೆ ದಿನಾ ಒಂದು ಹಳದಿ ಮಾತ್ರೆ. ಅದನ್ನು ನುಂಗಿ ನುಂಗಿ ಇಡೀ ಸ್ಕ್ವಾಡ್ರನ್ನಿನ ಮೈ ಹಳದಿಯಾಗಿತ್ತು. ನಮ್ಮಲ್ಲಿ ಮದುಮಗನಿಗೆ ಅರಿಶಿನ ಹಚ್ಚುತ್ತೇವೆ ಎಂದೆ. ಹಾಗಾದರೆ ನಾವೆಲ್ಲ ಮದುಮಕ್ಕಳೇ ಎಂದು ನಕ್ಕರು. ನಾನು ಬಾಯಿಗೆ ಬಂದದ್ದನ್ನೆಲ್ಲ ಕೇಳಿದೆ. ಒಬ್ಬನೇ ಕೂರುವ ವಿಮಾನದಲ್ಲಿ ನಿದ್ದೆ ಬಂದರೇನು ಗತಿ, ಮೋಡದೊಳಗೆ ದಾರಿ ಹೇಗೆ ಗೊತ್ತಾಗುತ್ತದೆ, ಹೆದರಿಕೆ ಯಾವಾಗ, ಹೊರಡುವ ಮೊದಲೋ ಬಂದ ಮೇಲೋ. ಅವರು ಒಂದೂ ಬಿಡದೆ ಉತ್ತರ ಹೇಳಿದರು. ಹೆದರಿಕೆ ಹೊರಡುವ ಮೊದಲು ಅಂತೆ, ಕಾಯುತ್ತ ಕೂರುವಾಗ. ಬೆಳಗಿನ ಹೊತ್ತು ಮೇಲಿಂದ ನೋಡಿದರೆ ಕಣಿವೆಗಳಲ್ಲಿ ಬಿಳಿ ಮೋಡ ತುಂಬಿ ಬೆಟ್ಟದ ತುದಿಗಳಷ್ಟೇ ಮೇಲೆದ್ದು ಕಾಣುತ್ತಿದ್ದವು ಎಂದರು. ನನಗೆ ಅಜ್ಜಿಯ ಮಂಜಿನ ನೆನಪಾಯಿತು.

ಫೈಟರುಗಳು ಜೋಡಿಯಾಗಿ ಹೋಗುತ್ತಿದ್ದವಂತೆ. ಒಬ್ಬ ಮುಂದೆ, ಇನ್ನೊಬ್ಬ ಅವನ ಬೆನ್ನು ಕಾಯುತ್ತ ಸ್ವಲ್ಪ ಹಿಂದೆ. ಇವರ ಬೆನ್ನು ಕಾಯುತ್ತಿದ್ದವನು ಇವರಿಗಿಂತ ಚಿಕ್ಕವನು, ತಮಾಷೆಯ ಹುಡುಗ. ಒಂದು ದಿನ ಗುಂಡು ತಗುಲಿ ಇವರ ಎಂಜಿನ್ ನಿಂತಿತು. ಸಣ್ಣದೊಂದು ದ್ವೀಪದ ಪಕ್ಕ ನೀರಿಗೆ ಇಳಿಸಿ, ಈಜಿ ದಡ ಸೇರಿದರು. ಬೆನ್ನು ಕಾಯುವವನು ಆಗಲೇ ವಾಪಸು ಹೋಗಬಹುದಿತ್ತು. ಹೋಗಲಿಲ್ಲ. ಇವರು ದಡ ಮುಟ್ಟಿದ್ದನ್ನು ಕಣ್ಣಾರೆ ನೋಡುವ ತನಕ ಮೇಲೆ ಸುತ್ತುತ್ತಲೇ ಇದ್ದ. ಅಷ್ಟರಲ್ಲಿ ಪೆಟ್ರೋಲು ಮುಗಿದು ಅವನೂ ಅಲ್ಲೇ ಹವಳದ ದಿಬ್ಬದ ಮೇಲೆ ಇಳಿಯಬೇಕಾಯಿತು. ಕಾಲು ಮುರಿಯಿತು.

ದ್ವೀಪದಲ್ಲಿ ಇದ್ದದ್ದು ಒಂದೇ ಕುಟುಂಬ. ಅವರು ಇಬ್ಬರನ್ನೂ ಎತ್ತಿಕೊಂಡು ಹೋಗಿ, ಹುಡುಕುತ್ತ ಬಂದ ಜಪಾನಿ ದೋಣಿಗಳಿಗೆ ಕಾಣದ ಹಾಗೆ ಮನೆಯೊಳಗೆ ಅಡಗಿಸಿಟ್ಟರು. ಸುಟ್ಟ ಜೀಗುಜ್ಜೆ ತಿನ್ನಿಸಿದರು. ಗೆಳೆಯನ ಕಾಲಿನ ಗಾಯಕ್ಕೆ ಕಟ್ಟಲು ಬೇರೇನೂ ಇರಲಿಲ್ಲ. ಇವರ ಜೇಬಿನಲ್ಲಿದ್ದ ಬಟ್ಟೆಯ ನಕ್ಷೆಯನ್ನೇ ಕಟ್ಟಿದರು. ಕಟ್ಟುವ ಮೊದಲು ಗೆಳೆಯ ಅದನ್ನು ಬಿಡಿಸಿ ನೋಡಿ, ಸಮುದ್ರದ ಹೆಸರಿನ ಕೊನೆಯ ಅಕ್ಷರದ ಕೆಳಗೆ ಒಂದು ಚುಕ್ಕಿ ಇದೆಯಲ್ಲ, ನಾವು ಅಲ್ಲಿದ್ದೇವೆ, ವಾಕ್ಯ ಮುಗಿದ ಮೇಲೆ ಇಡುವ ಚುಕ್ಕಿ ನಾವು ಎಂದು ನಗೆಯಾಡಿದ್ದನಂತೆ. ಕೆಲವು ದಿನಕ್ಕೆ ಜ್ವರ ಏರಿ ಸತ್ತುಹೋದ. ಕಾಲಿಗೆ ಕಟ್ಟಿದ ನಕ್ಷೆಯ ಸಮೇತ ಅವನನ್ನು ಆ ಮನೆಯ ಹಿಂದೆ, ಜೀಗುಜ್ಜೆ ಮರದ ಕೆಳಗೆ ಮಣ್ಣು ಮಾಡಿದರು. ಆಮೇಲೆ ಇವರಿಗೂ ಮಲೇರಿಯಾ. ಆ ಕುಟುಂಬದವರು ಇವರನ್ನು ದೋಣಿಯಲ್ಲಿ ಮಲಗಿಸಿ ಎಲ್ಲಿಗೋ ದಾಟಿಸಿದರು. ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದರು.

ಯಾವ ದ್ವೀಪ ಎಂದು ಅಧಿಕಾರಿಗಳು ಕೇಳಿದಾಗ ಹೇಳಲಾಗಲಿಲ್ಲ. ಕೊನೆಯ ಅಕ್ಷರದ ಕೆಳಗಿನ ಚುಕ್ಕಿ ಎಂದರೆ ಯಾವ ನಕ್ಷೆಯಲ್ಲಿ? ಒಂದೊಂದು ನಕ್ಷೆಯಲ್ಲಿ ಅಕ್ಷರ ಒಂದೊಂದು ಕಡೆ ಬಂದಿರುತ್ತದೆ. ಆ ಸಮುದ್ರದಲ್ಲಿ ಚುಕ್ಕಿಗಳಿಗೆ ಲೆಕ್ಕವಿಲ್ಲ. ಹುಡುಕಿದವರು ಬೇರೆಲ್ಲೋ ಹುಡುಕಿ ಬಿಟ್ಟರು. ಯುದ್ಧವಾದ ಮೇಲೆ ಇವರೇ ಒಮ್ಮೆ ಹೋಗಿ ಬಂದರು. ಯಾವ ದ್ವೀಪಕ್ಕೆ ಹೋದರೂ ಅದೇ ತೆಂಗು, ಅದೇ ಮರಳು. ಸ್ಕ್ವಾಡ್ರನ್ನಿನ ಹಳಬರು ಸೇರಿ ಇತಿಹಾಸದ ಪುಸ್ತಕ ಮಾಡಿದಾಗ ಗೆಳೆಯನ ಹೆಸರಿನ ಮುಂದೆ ಸಮುದ್ರಪಾಲು ಎಂದು ಅಚ್ಚಾಯಿತು.

"ಅವನು ಸಮುದ್ರಪಾಲಾಗಲಿಲ್ಲ" ಎಂದರು. "ಅವನು ಒಂದು ಮನೆಯ ಹಿಂದೆ ಮಲಗಿದ್ದಾನೆ. ಅವನ ತಂಗಿ ಒಬ್ಬಳಿದ್ದಾಳೆ. ಅಣ್ಣ ಎಲ್ಲಿದ್ದಾನೆ ಎಂದು ತಾಯಿ ಕೇಳುತ್ತ ಕೇಳುತ್ತ ಸತ್ತಳು, ಈಗ ಇವಳು ಕೇಳುತ್ತಾಳೆ. ಅವಳಿಗೂ ಎಂಬತ್ತಾಗುತ್ತ ಬಂತು. ಅವಳು ಹೋಗುವ ಮೊದಲು, ನಾನು ಹೋಗುವ ಮೊದಲು, ಒಂದು ಜಾಗದ ಹೆಸರು ಹೇಳಬೇಕು."

ಬೇರೆ ಬೇರೆ ಕಡೆ ಅಂಥ ಬಟ್ಟೆಯ ನಕ್ಷೆಗಳನ್ನು ಅವರು ನೋಡಿದ್ದರು. ಎಲ್ಲವೂ ಬೇರೆ ಸಮುದ್ರದ ಹಾಳೆಗಳು. ಇವರ ಜೇಬಿನಲ್ಲಿದ್ದಂಥದ್ದು ಎಲ್ಲೂ ಸಿಕ್ಕಿರಲಿಲ್ಲ.

ನಾನು ಕಾಫಿ ಲೋಟ ಅಲ್ಲೇ ಬಿಟ್ಟು ಒಳಗೆ ಓಡಿದೆ. ಪೆಟ್ಟಿಗೆಯ ತಳದಿಂದ ನಕ್ಷೆ ಬಟ್ಟೆ ತೆಗೆಯುವುದನ್ನು ನೋಡಿದ ಅವ್ವ ಅಡ್ಡ ನಿಂತಳು. ಅವಳ ಮೊಮ್ಮಗಳಿಗೆ, ಅಂದರೆ ನನ್ನ ಮಗಳಿಗೆ, ಆಗಷ್ಟೇ ಮದುವೆಯಾಗಿತ್ತು.

"ಕೇಳಿದ್ರೆ ಕೊಡ್ಲಿಕ್ಕಾಗಲ್ಲ ಅಂತ ಮೊದ್ಲೇ ಹೇಳ್ಬಿಡು," ಎಂದಳು. "ಮುಂದೆ ಹುಟ್ಟೋ ಮಕ್ಳಿಗೆ ಎಂಥ ಸುತ್ತೋದು?"

"ಅವ್ರು ನೋಡ್ತಾರೆ ಅಷ್ಟೇ ಕಣವ್ವ."

"ನೋಡೋದು ಹಾಗೇ ಶುರುವಾಗೋದು."

ಜಗುಲಿಯ ಮೇಜಿನ ಮೇಲೆ ಹರಡಿದೆ. ಅವರು ಅದರ ಮೇಲೆ ಬಗ್ಗಿದರು. ಅದು ಅದೇ ಹಾಳೆ. ಉದ್ದನೆಯ ಹಸಿರು ತೇಪೆಯ ಮೇಲೆ ಬೆರಳಿಟ್ಟು ಒಂದು ದ್ವೀಪದ ಹೆಸರು ಹೇಳಿದರು. ನಾನು ತಡೆಯಲಾರದೆ, ಹೊಳೆಬದಿ ಎಂದೆ. ಬೆನ್ನು ಬಾಗಿದ್ದಕ್ಕೆ ಅವರು ಇನ್ನೊಂದು ಹೆಸರು ಹೇಳಿದರು. ನಾನು ನೇರಳೆ ಹಕ್ಲು ಎಂದೆ. ಆ ಗಳಿಗೆಯಲ್ಲಿ ಇಬ್ಬರಿಗೂ ಇದು ಹುಚ್ಚಾಟ ಎನಿಸಲಿಲ್ಲ. ನೀಲಿಯ ಮೇಲೆ ಚೆಲ್ಲಿದ್ದ ಅಕ್ಷರಗಳನ್ನು ಅವರು ಒಂದೊಂದಾಗಿ ಓದುತ್ತ ಹೋದರು. ಎಸ್, ಓ, ಎಲ್, ಓ, ಎಂ, ಓ, ಎನ್. ಸಾಲೊಮನ್. ಮುಂದೆ 'ಸೀ' ಎಂಬ ಮೂರು ಅಕ್ಷರ ಇರಬೇಕು. ಬೆರಳು ಅಂಚಿಗೆ ಬಂತು. ಅಂಚಿನಲ್ಲಿ ಅಜ್ಜಿಯ ಹೊಲಿಗೆ. ಅದರಾಚೆ ಮೇಜು.

ಬಟ್ಟೆಯನ್ನು ಮಗುಚಿ ನೋಡಿದರು. ಹೊಲಿಗೆಯ ಒಳಗೆ ಉಗುರು ಹಾಕಿ ನೋಡಿದರು. ಆಮೇಲೆ ಅದನ್ನು ಮೊದಲಿನಂತೆ ಮಡಿಸಿ ನನ್ನ ಕೈಗೆ ಕೊಟ್ಟು, ಥ್ಯಾಂಕ್ಸ್ ಎಂದರು. ಆ ಮುಖ ನೋಡಲಾಗಲಿಲ್ಲ. ಬಟ್ಟೆ ತಂದು ಆಸೆ ಹುಟ್ಟಿಸಿ ಈ ಮುದುಕರನ್ನು ಕೊಂದೆನಲ್ಲ ಎನಿಸಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಕೇಳಿದಳು. "ಎಂಥ ಆಯ್ತಂತೆ?"

"ಅವ್ರಿಗೆ ಬೇಕಾದ ಜಾಗ ಇದ್ರಲ್ಲಿ ಇಲ್ಲ. ಬಟ್ಟೆ ಅರ್ಧ ಕತ್ರಿಸಿದೆ."

ಅವ್ವ ಮುದುಕರ ಮುಖ ನೋಡಿದಳು. "ಇನ್ನರ್ಧ ಇದ್ಯಲ್ಲೇ," ಎಂದಳು.

ಐವತ್ತು ವರ್ಷ ಆ ಬಟ್ಟೆಯ ಜೊತೆ ಬದುಕಿದರೂ ನನಗೆ ಇದು ಗೊತ್ತಿರಲಿಲ್ಲ. ನಾನು ಹುಟ್ಟುವಾಗ ಕಷ್ಟವಾಗಿತ್ತಂತೆ. ತೋಟದ ಆಳುಗಳ ಲೈನುಮನೆಯಲ್ಲಿದ್ದ ಸೂಲಗಿತ್ತಿ ಎರಡು ದಿನ ಅವ್ವನ ಪಕ್ಕ ಬಿಟ್ಟು ಏಳದೆ ನನ್ನನ್ನು ಹೊರಗೆ ತಂದಳು. ಹೆರಿಗೆ ಮಾಡಿಸಿದವಳಿಗೆ ಸೀರೆ, ಅಕ್ಕಿ, ತೆಂಗಿನಕಾಯಿ ಕೊಡುವುದು ಪದ್ಧತಿ. ಅಜ್ಜಿ ಹೊಸ ಸೀರೆ ಹಿಡಿದುಕೊಂಡು ಹೋದರೆ ಆಕೆ ಬೇಡ ಎಂದಳು. ಅವಳ ಮಗಳೂ ಬಸುರಿ. ಮಗು ಸುತ್ತಿದ್ದೀರಲ್ಲ, ಆ ಬಟ್ಟೆಯಲ್ಲಿ ಅರ್ಧ ಕೊಡಿ ಎಂದಳು. ಅಜ್ಜಿ ಎರಡನೇ ಮಾತಾಡದೆ ಕತ್ತರಿ ತಂದಳಂತೆ. ನಾನು ಹುಟ್ಟಿದ್ದಕ್ಕೇ ಆ ಸಮುದ್ರ ಎರಡಾಯಿತು.

ಸೂಲಗಿತ್ತಿಯ ಮಗಳಿಗೆ ಆಗ ಹುಟ್ಟಿದವಳು ನನ್ನ ಓರಗೆಯವಳು. ಕಣದಲ್ಲಿ ಒಣಗಲು ಹಾಕಿದ ಕಾಫಿಯನ್ನು ಒಟ್ಟಿಗೆ ಚೆಲ್ಲಾಡಿ ಬೈಸಿಕೊಂಡವರು ನಾವು. ಮದುವೆಯಾಗಿ ವಸ್ತಾರೆಗೆ ಹೋಗಿದ್ದಳು. ಮಾರನೇ ಬೆಳಿಗ್ಗೆ ನನ್ನ ಗಂಡ ಕಾರು ತೆಗೆದರು. ಮುದುಕರು ಮುಂದೆ, ನಾನೂ ಅವರ ಮಗಳೂ ಹಿಂದೆ. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಆ ಬಟ್ಟೆಯನ್ನು ನೂರು ಸಲ ಹರಿದೆ, ಇಲಿಗೆ ತಿನ್ನಿಸಿದೆ, ಒರೆಸುವ ಬಟ್ಟೆ ಮಾಡಿದೆ.

ಗೆಳತಿ ಬಾಗಿಲಲ್ಲೇ ಸಿಕ್ಕಳು. ಬಿಳಿಯರನ್ನು ಕಂಡು ಗಾಬರಿಯಾಗಿ ಸೆರಗು ಸರಿಮಾಡಿಕೊಂಡಳು. ವಿಷಯ ಹೇಳಿದೆ.

"ನಕ್ಸೆ ಬಟ್ಟೆನಾ?" ಎಂದಳು. "ಐತಲ್ಲಮ್ಮ. ಮೊಮ್ಮಗ ಅದ್ರಲ್ಲೇ ಮಲಗವ್ನೆ."

ಅವಳ ಮಗಳು ಚಿಕ್ಕಮಗಳೂರಿನ ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದವಳು, ಬಾಣಂತನಕ್ಕೆ ಬಂದಿದ್ದಳು. ಒಳಗಿನ ಕೋಣೆಯಲ್ಲಿ ಸೀರೆಯ ಜೋಲಿ ತೂಗುತ್ತಿತ್ತು. ಬಗ್ಗಿ ನೋಡಿದರೆ ಅಂಗೈಯಷ್ಟು ಕೆಂಪು ಮುಖ, ಅದರ ಕೆಳಗೆ ನಮ್ಮ ನೀಲಿ.

"ನಿಂಗೆ ಗೊತ್ತಿತ್ತಾ, ನಮ್ಮನೇಲಿ ಅರ್ಧ ಇರೋದು?" ಎಂದು ಕೇಳಿದೆ.

"ಚಿಕ್ಕೋಳಿದ್ದಾಗ್ಲೇ ಗೊತ್ತಿತ್ತು. ನೀವು ಯಾವತ್ತೂ ಕೇಳ್ಲಿಲ್ಲ."

ಊರೆಲ್ಲ ಕೆದಕುವ ನಾನು ಇವಳನ್ನು ಮಾತ್ರ ಕೇಳಿರಲಿಲ್ಲ. ನಾಚಿಕೆಯಾಯಿತು. ಮಗುವನ್ನು ಎತ್ತಿ ಬಟ್ಟೆ ಕೊಡುತ್ತೀಯಾ ಎಂದರೆ ಇಲ್ಲವೆಂದು ತಲೆಯಾಡಿಸಿದಳು. ಮಲಗಿದ ಮಗುವಿನ ಮೈಮೇಲಿನ ಬಟ್ಟೆ ಎಳೆಯಬಾರದು, ಅವಳ ಅಜ್ಜಿಯ ಕಾಲದಿಂದ ಹಾಗೆ. "ತಾನಾಗೇ ಏಳ್ಲಿ ಅಮ್ಮ. ಕೂತ್ಕಳಿ, ಕಾಫಿ ಮಾಡ್ತೀನಿ."

ನಾನು ಅಳುಕುತ್ತಲೇ ಇದನ್ನು ಅವರಿಗೆ ಹೇಳಿದೆ. ಅವರ ಮಗಳಿಗೆ ತಾಳ್ಮೆ ತಪ್ಪಿತು. ಇಷ್ಟು ದೂರ ಬಂದಿದ್ದೇವೆ, ಒಂದು ನಿಮಿಷದ ಕೆಲಸ ಎಂದಳು. ಮುದುಕರು ಕೈಯೆತ್ತಿ ಸುಮ್ಮನಿರಿಸಿದರು. ಚಪ್ಪಲಿ ಬಿಚ್ಚಿ, ಗೋಡೆಗೆ ಒರಗಿ ಜಗುಲಿಯ ಮೇಲೆ ಕೂತರು. ಕಾಯುವುದರಲ್ಲಿ ನನಗೆ ತರಬೇತಿ ಇದೆ, ಯುದ್ಧದಲ್ಲಿ ಮುಕ್ಕಾಲು ಪಾಲು ಅದೇ ಕೆಲಸ ಎಂದರು. ಕಾಫಿ ಬಂತು. ಕೋಳಿಯೊಂದು ಬಂದು ಅವರ ಕಾಲ ಬೆರಳು ಕುಕ್ಕಿ ಹೋಯಿತು. ಒಳಗೆ ಮಗು ಮುಲುಕಿದಾಗಲೆಲ್ಲ ಅವರು ತಲೆಯೆತ್ತುವರು. ಬಾಣಂತಿ ಜೋಲಿ ತೂಗುವಳು. ಮಗು ಮತ್ತೆ ನಿದ್ದೆಗೆ ಜಾರುವುದು. ತೂಗಬೇಡವೇ ಮಾರಾಯ್ತಿ ಎಂದು ಕೂಗಬೇಕೆನಿಸುತ್ತಿತ್ತು ನನಗೆ.

ಕೊನೆಗೂ ಮಗು ಅತ್ತಿತು. ಗೆಳತಿ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ನಾಚಿಕೆಯಿಂದ ಹೊರಗೆ ತಂದಳು. ನಡುವೆ ಒದ್ದೆಯಾಗಿತ್ತು. ತೊಳೆದು ತರುತ್ತೇನೆ ಎಂದಳು. ಮುದುಕರು ಬೇಡ ಎಂದು ನಕ್ಕರು. ಸಮುದ್ರ ಒದ್ದೆಯಾಗೇ ಇರಬೇಕು ಎಂದರು.

ಬಿಸಿಲಲ್ಲಿ ಹರಡಿದೆವು. ಎಸ್, ಇ, ಎ. ಕೊನೆಯ ಅಕ್ಷರದ ಎರಡು ಕಾಲುಗಳ ಕೆಳಗೆ, ಅರಿಶಿನದ ಕಲೆಯೊಂದರ ಅಂಚಿನಲ್ಲಿ, ಸಾಸಿವೆಯಷ್ಟು ಚುಕ್ಕಿ. ಅವರು ಅದರ ಮೇಲೆ ಬೆರಳಿಟ್ಟರು, ತೆಗೆಯಲಿಲ್ಲ. ಅವರ ಮಗಳು ಹಲವು ಫೋಟೋ ತೆಗೆದಳು, ಅಂಚಿನ ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಗುರುತು ಮಾಡಿಕೊಂಡಳು. ಇನ್ನು ಯಾವ ನಕ್ಷೆಯಲ್ಲಾದರೂ ಆ ಜಾಗ ಹಿಡಿಯಬಹುದಿತ್ತು. ಆದರೆ ಚುಕ್ಕಿಯ ಪಕ್ಕ ಹೆಸರಿರಲಿಲ್ಲ. ಅಷ್ಟು ಸಣ್ಣದಕ್ಕೆ ಅಚ್ಚು ಹಾಕಿದವರು ಹೆಸರು ಕೊಟ್ಟಿರಲಿಲ್ಲ.

"ಅವನ ತಂಗಿಗೆ ಇನ್ನು ಬರೀ ಅಂಕಿ ಹೇಳಬೇಕಾಯಿತು" ಎಂದರು ಅವರು, ನನಗೆ ಮಾತ್ರ ಕೇಳುವ ಹಾಗೆ.

ಗೆಳತಿ ಅವರ ಬೆರಳನ್ನೇ ನೋಡುತ್ತಿದ್ದಳು. "ಅದನ್ನ ಹುಡುಕ್ತಿದ್ರಾ?" ಎಂದಳು. "ನಮ್ಮಜ್ಜಿ ನಮ್ಮನ್ನ ಮಲಗಿಸ್ತಾ ಎಲ್ಲ ತೋರ್ಸೋರು. ಇದು ಧಣಿಗಳ ತೋಟ, ಇದು ಕಣ, ಇದು ಬಂಗ್ಲೆ ಅಂತ. ಆ ಚಿಕ್ಕದು ಬಂದಾಗ ಬೆರಳಿಟ್ಟು, ಇದು ನಮ್ಮನೆ ಅನ್ನೋರು. ನಮ್ಮನೆ ಬಂತು, ಇನ್ನು ಮಲ್ಕೋ ಅನ್ನೋರು."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಅರ್ಥ ಕೇಳಿಸಿಕೊಂಡು, ಆ ಪದವನ್ನೇ ಮತ್ತೆ ಹೇಳಿ ಎಂದರು. ನಮ್ಮನೆ ಎಂದಳು ಗೆಳತಿ. ಅವರು ಹೇಳಿ ನೋಡಿದರು. ಎರಡನೇ ಸಲ ಸರಿಯಾಯಿತು. ಬಟ್ಟೆಯನ್ನು ಎತ್ತಿ ತಾವೇ ಅವಳ ಕೈಗಿಟ್ಟರು, ಕೊಡುತ್ತೀರಾ ಎಂದು ಕೇಳಲಿಲ್ಲ. ವಾಪಸು ಬರುವಾಗ ಮೂಡಿಗೆರೆ ದಾಟಿ ಕಳಸ ಬರುವ ತನಕ ಮುಂದಿನ ಸೀಟಿನಲ್ಲಿ ತುಟಿಯಲ್ಲೇ ಆ ಪದ ಹೇಳಿಕೊಳ್ಳುತ್ತಿದ್ದರು, ಅಂಗಡಿಗೆ ಹೋಗುವ ಮಗು ಸಾಮಾನಿನ ಹೆಸರು ಹೇಳಿಕೊಳ್ಳುವ ಹಾಗೆ. ಎಲ್ಲದಕ್ಕೂ ನಗುವ ನನ್ನ ಗಂಡ ನಗಲಿಲ್ಲ.

ಮನೆಗೆ ಬಂದವರೇ ಫೋನ್ ಮಾಡಬಹುದೇ ಎಂದು ಕೇಳಿದರು. ನಮ್ಮ ನಡುಮನೆಯ ಫೋನಿನಲ್ಲಿ ದೂರದ ಕರೆಗಳಿಗೆ ಯಾವಾಗಲೂ ಗೊರಗೊರ ಸದ್ದು. ನಾಲ್ಕೈದು ಸಲ ಪ್ರಯತ್ನಿಸಿದ ಮೇಲೆ ಗೆಳೆಯನ ತಂಗಿ ಸಿಕ್ಕಳು. ಅವರು ಕೂಗಿ ಕೂಗಿ ಹೇಳಿದರು. ಸಮುದ್ರಪಾಲಲ್ಲ, ಜಾಗ ಸಿಕ್ಕಿದೆ, ಅಂಕಿಗಳಿವೆ, ಬರೆದುಕೋ. ಆಮೇಲೆ ಅದಕ್ಕೊಂದು ಹೆಸರೂ ಇದೆ ಎಂದು ಹೇಳಿ, ಅರ್ಥವನ್ನೂ ಹೇಳಿದರು. ಅಲ್ಲಿಂದ ಏನೋ ಕೇಳಿತು. ಮತ್ತೆ ಹೇಳಿದರು. ಇನ್ನೊಮ್ಮೆ ಹೇಳಿದರು. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

ಅವರು ರಿಸೀವರನ್ನು ನನ್ನ ಕಡೆ ಚಾಚಿದರು. ಆ ಮಾತು ಬಲ್ಲವರ ಬಾಯಿಂದ ಒಮ್ಮೆ ಕೇಳಬೇಕಂತೆ ಅವಳಿಗೆ.

ನಾನು ಫೋನ್ ತೆಗೆದುಕೊಂಡೆ. ಯಾರೆಂದು ಹೇಳಿಕೊಳ್ಳಲಿಲ್ಲ, ಹಲೋ ಎನ್ನಲಿಲ್ಲ. ನಮ್ಮನೆ ಎಂದೆ. ಗೊರಗೊರ ಸದ್ದಿನ ಆಚೆಯಿಂದ ಒಂದು ಮುದಿ ದನಿ ಅದನ್ನು ನಿಧಾನವಾಗಿ ತಿರುಗಿ ಹೇಳಿತು. ಸರಿಯಾಗಿಯೇ ಹೇಳಿತು.